2001ರ ಎಕ್ಸ್‌ಎಫ್‌ಎಲ್ ಒಂದೇ ಸೀಸನ್ನಿಗೆ ಮಕಾಡೆ ಮಲಗಿದ್ದು ಯಾಕೆ? ನೋಡಿದವರು ಯಾರಾದ್ರೂ ಇದ್ದೀರಾ?

ಹಾಸನದ_ಹೈದ | ಶುಕ್ರವಾರ ರಾತ್ರಿ 10:42

ನಮ್ಮ ವಯಸ್ಸಿನೋರಿಗೆ ಡಬ್ಲ್ಯುಡಬ್ಲ್ಯುಎಫ್ ಕುಸ್ತಿ ಅಂದ್ರೆ ಮೊದಲು ನೆನಪಾಗೋದು ಟಿವಿ ಅಲ್ಲ, ಕಾರ್ಡು. ಪೆಟ್ಟಿ ಅಂಗಡೀಲಿ ಸಿಗ್ತಿತ್ತಲ್ಲ, ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸು ಅಂತ ಬರೆದಿರೋದು. ನನ್ನ ಹತ್ರ ಅಂಡರ್‌ಟೇಕರ್ ಎರಡಿತ್ತು. ಒಂದನ್ನ ಕೊಟ್ಟು ಮೂರು ಕಾರ್ಡು ಈಸ್ಕೊಂಡಿದ್ದೆ, ಆ ವ್ಯಾಪಾರದ ಬಗ್ಗೆ ಇವತ್ತಿಗೂ ಹೆಮ್ಮೆ.

ಆ ಕಂಪನಿ ಯಜಮಾನ ವಿನ್ಸ್ ಮೆಕ್‌ಮಹಾನ್ ಅಮೆರಿಕನ್ ಫುಟ್‌ಬಾಲ್‌ಗೂ ಕೈ ಹಾಕಿ ಸುಟ್ಕೊಂಡಿದ್ದ ಅಂತ ನಂಗೆ ಗೊತ್ತಾಗಿದ್ದೇ ಹೋದ ವಾರ. ಒಂದು ಕ್ಲಿಪ್ ನೋಡ್ದೆ. ಆಟಗಾರನ ಬೆನ್ನ ಮೇಲೆ ಹೆಸರಿರಬೇಕಾದ ಜಾಗದಲ್ಲಿ "ಹೀ ಹೇಟ್ ಮೀ" ಅಂತ ಬರ್ದಿದೆ. ಇಂಗ್ಲಿಷ್ ಮೇಷ್ಟ್ರು ನೋಡಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರು. ಹುಡುಕಿದ್ರೆ ಅದು ಎಕ್ಸ್‌ಎಫ್‌ಎಲ್ ಅನ್ನೋ ಲೀಗು, ಎಂಟು ತಂಡ, 2001ರ ಫೆಬ್ರವರೀಲಿ ಶುರು, ಮೇ ತಿಂಗಳಲ್ಲಿ ಬಾಗಿಲು.

ನಂಗೆ ಅರ್ಥ ಆಗದಿರೋದು ಇಷ್ಟೇ. ಅರ್ಧ ದುಡ್ಡು ಡಬ್ಲ್ಯುಡಬ್ಲ್ಯುಎಫ್‌ದು, ಇನ್ನರ್ಧ ಎನ್‌ಬಿಸಿ ಚಾನೆಲ್‌ದು. ಶನಿವಾರ ರಾತ್ರಿ ಪ್ರೈಮ್ ಟೈಮು. ಮೊದಲನೇ ದಿನ ಜನ ಮುಗಿಬಿದ್ದು ನೋಡಿದ್ದಾರೆ. ಇಷ್ಟೆಲ್ಲಾ ಇದ್ದೂ ಒಂದೇ ಸೀಸನ್ನಿಗೆ ಗೋವಿಂದಾನಾ? ಆಗ ಅಮೆರಿಕದಲ್ಲಿದ್ದವರು ಹೇಳ್ರಪ್ಪ.

ಧಾರವಾಡ_ಫೇಡೆ | ಶುಕ್ರವಾರ ರಾತ್ರಿ 10:58

ಕುಸ್ತಿನೂ ನಾಟಕ, ಇದೂ ನಾಟಕ ಇರಬೇಕು ಬಿಡ್ರಿ. ಯಾರು ಗೆಲ್ಲಬೇಕಂತ ಮೊದಲ ಬರದಿಟ್ಟಿರ್ತಾರ.

ಬೇ_ಏರಿಯಾ_ಭಟ್ರು | ಶುಕ್ರವಾರ ರಾತ್ರಿ 11:31

ಅದೇ ತಮಾಷೆ ಉಂಟಲ್ಲ ಫೇಡೆಯವರೇ, ಆಟ ಪೂರಾ ನಿಜ. ನಾಟಕ ಆಗಿದ್ದಿದ್ರೆ ಎರಡನೇ ಸೀಸನ್ ಆದ್ರೂ ಕಾಣ್ತಿತ್ತೋ ಏನೋ.

ನಾನು 2001ರಲ್ಲಿ ಸ್ಯಾನ್ ಹೋಸೆಯಲ್ಲಿದ್ದೆ. ಡಾಟ್‌ಕಾಮ್ ಬಿದ್ದು ಆಫೀಸಿನಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವ ಕಾಲ. ಸೋಮವಾರ ಯಾರ ಕುರ್ಚಿ ಖಾಲಿ ಇರ್ತದೆ ಹೇಳ್ಲಿಕ್ಕೆ ಬರ್ತಿರಲಿಲ್ಲ. ಜನವರಿಯಲ್ಲಿ ಒಂದು ದಿನ ಲಂಚ್ ಹೊತ್ತಿಗೆ ಎಲ್ಲ ನಗ್ತಾ ಇದ್ದಾರೆ. ಎಂತ ಅಂತ ಕೇಳಿದ್ರೆ, ಈ ಲೀಗಿನ ಜಾಹೀರಾತಿನ ಬ್ಲಿಂಪ್ (ಜನ ಕೂತು ಹಾರಿಸುವ ದೊಡ್ಡ ಬಲೂನು) ಓಕ್ಲೆಂಡ್‌ನಲ್ಲಿ ಕೈತಪ್ಪಿ, ಒಳಗಿದ್ದವರು ಹಾರಿಕೊಂಡು, ಅದು ತನ್ನಷ್ಟಕ್ಕೆ ತೇಲಿ ಹೋಗಿ ನೀರಿನ ದಡದ ಒಂದು ಮೀನಿನ ಹೋಟೆಲಿನ ಮಾಡಿನ ಮೇಲೆ ಕೂತಿದೆ! ಲೀಗ್ ಶುರುವಾಗ್ಲಿಕ್ಕೆ ಇನ್ನೂ ಮೂರು ವಾರ ಉಂಟು ಆಗ. ನಮ್ಮಲ್ಲಾದ್ರೆ ಅಪಶಕುನ ಅಂತ ಒಂದು ಗಣಹೋಮ ಮಾಡಿಸ್ತಿದ್ರು.

ಫೆಬ್ರವರಿ 4, ಭಾನುವಾರ, ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಕ್ ಬೆಲ್ ಪಾರ್ಕಿಗೆ ನಾವು ಮೂವರು ಹೋದ್ವಿ. ನಾನು, ಒಬ್ಬ ತೆಲುಗಿನವ, ಮತ್ತೆ ಟೆಕ್ಸಾಸಿನ ಒಬ್ಬ ಸಹೋದ್ಯೋಗಿ, ಅವನಿಗೆ ಮಾತ್ರ ಆಟ ಗೊತ್ತು. ಕ್ಯಾಲ್‌ಟ್ರೇನ್ ಇಳಿದ್ರೆ ನಡೆದೇ ಹೋಗಬಹುದು. ಅದು ಬೇಸ್‌ಬಾಲಿಗಂತ ಕಟ್ಟಿದ ಮೈದಾನ ಮಾರಾಯ್ರೆ, ಹಿಂದಿನ ವರ್ಷ ಅಷ್ಟೇ ತೆರೆದದ್ದು. ನಮ್ಮ ಕುರ್ಚಿಗಳೆಲ್ಲ ಹೋಮ್ ಪ್ಲೇಟಿನ ಕಡೆ ಮುಖ ಮಾಡಿ ಕೂತಿವೆ, ಫುಟ್‌ಬಾಲ್ ನಡೆಯೋದು ಇನ್ನೊಂದು ಕಡೆ. ಮೂರು ಗಂಟೆ ಕುತ್ತಿಗೆ ಓರೆ ಮಾಡಿ ನೋಡಿದ್ದು, ಮರುದಿನ ಮಾನಿಟರ್ ನೋಡ್ಲಿಕ್ಕೆ ಕಷ್ಟ ಆಯ್ತು.

ನಮ್ಮ ಊರಿನ ತಂಡ ಡೀಮನ್ಸ್, ಎದುರಿಗೆ ಲಾಸ್ ಏಂಜಲೀಸ್ ಎಕ್ಸ್‌ಟ್ರೀಮ್. ಕೊನೇ ಕ್ಷಣದ ಫೀಲ್ಡ್ ಗೋಲಿನಲ್ಲಿ, ಅಂದ್ರೆ ಚೆಂಡನ್ನು ಕಂಬಗಳ ನಡುವೆ ಒದ್ದು, 15-13ಕ್ಕೆ ನಾವು ಗೆದ್ದದ್ದು. ಜನ ಹುಚ್ಚೆದ್ದು ಕುಣಿದಿದ್ದಾರೆ. ಆ ದಿನ ಯಾರಾದ್ರೂ ನನ್ನ ಹತ್ರ ಇದು ಮೂರು ತಿಂಗಳಲ್ಲಿ ಮುಚ್ಚಿ ಹೋಗ್ತದೆ ಅಂದಿದ್ರೆ ನಂಬ್ತಿರಲಿಲ್ಲ.

ಹಾಸನದ_ಹೈದ | ಶುಕ್ರವಾರ ರಾತ್ರಿ 11:40

ಭಟ್ರೇ, ಬ್ಲಿಂಪ್ ಕಥೆಗೆ ಸಾಷ್ಟಾಂಗ. ಮುಂದೆ ಹೇಳಿ ಸಾರ್.

ಅಂಕಿಗಾರ_ಅನಂತ | ಶನಿವಾರ ಬೆಳಿಗ್ಗೆ 7:15

ಭಟ್ಟರು ನೋಡಿದ್ದು ಎರಡನೇ ದಿನದ ಪಂದ್ಯ. ಮೊದಲನೆಯದು ಫೆಬ್ರವರಿ 3ರ ಶನಿವಾರ ರಾತ್ರಿ, ಲಾಸ್ ವೇಗಸ್‌ನ ಸ್ಯಾಮ್ ಬಾಯ್ಡ್ ಸ್ಟೇಡಿಯಂ. ಅಲ್ಲಿಯ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಫೈನಲ್, ಅಂದರೆ ಸೂಪರ್ ಬೌಲ್ ಮುಗಿದು ಒಂದು ವಾರವೂ ಆಗಿರಲಿಲ್ಲ. ಲಾಸ್ ವೇಗಸ್ ಔಟ್‌ಲಾಸ್ 19, ನ್ಯೂಯಾರ್ಕ್/ನ್ಯೂಜೆರ್ಸಿ ಹಿಟ್‌ಮೆನ್ 0. ದೇಶಕ್ಕೆಲ್ಲ ಹೊಸ ಲೀಗನ್ನು ಪರಿಚಯ ಮಾಡಿಕೊಡಬೇಕಾದ ಪಂದ್ಯ ಏಕಪಕ್ಷೀಯವಾಗಿ ಹೋಯ್ತು, ಕೊನೆಗೆ ಕುತೂಹಲ ಉಳಿಸಿಕೊಂಡ ಭಟ್ಟರ ಪಂದ್ಯ ಎನ್‌ಬಿಸಿಯ ಶನಿವಾರದ ಜನರಿಗೆ ಕಾಣಲೇ ಇಲ್ಲ.

ಈಗ ರೇಟಿಂಗ್. ಟಿವಿ ಇರುವ ನೂರು ಮನೆಗಳಲ್ಲಿ ಎಷ್ಟು ಮನೆಗಳು ನೋಡಿದವು ಅನ್ನೋ ಲೆಕ್ಕ ಅದು. ಜಾಹೀರಾತು ಕೊಟ್ಟವರಿಗೆ ಎನ್‌ಬಿಸಿ ಮಾತು ಕೊಟ್ಟಿದ್ದು 4.5. ಮೊದಲ ರಾತ್ರಿ ಬಂದದ್ದು 9.5, ಹೇಳಿದ್ದಕ್ಕಿಂತ ದುಪ್ಪಟ್ಟು. ಎರಡನೇ ವಾರ 4.6. ಅಂದರೆ ಒಂದೇ ವಾರದಲ್ಲಿ ಅರ್ಧಕ್ಕರ್ಧ ಮನೆಗಳು ಚಾನೆಲ್ ಬದಲಾಯಿಸಿದವು. ಮಾರ್ಚ್ ಕೊನೆಯ ಹೊತ್ತಿಗೆ 1.5. ಪ್ರೈಮ್ ಟೈಮಿನಲ್ಲಿ ದೊಡ್ಡ ಚಾನೆಲ್ ಒಂದು ಅಷ್ಟು ಕೆಳಗೆ ಹೋದದ್ದನ್ನು ಅಲ್ಲಿಯ ಪತ್ರಿಕೆಗಳು ಹಬ್ಬ ಮಾಡಿ ಬರೆದವು.

ಹೈದ ಕೇಳಿದ ಪ್ರಶ್ನೆಗೆ ಉತ್ತರ 9.5ಕ್ಕೂ 4.6ಕ್ಕೂ ನಡುವೆಯೇ ಇದೆ. ಆಮೇಲಿನದೆಲ್ಲ ಉತ್ತರಕ್ರಿಯೆ.

ಧಾರವಾಡ_ಫೇಡೆ | ಶನಿವಾರ ಬೆಳಿಗ್ಗೆ 7:50

ಅನಂತ ಅವರ, ನೀವು ಹೇಳೂದು ಖರೆ ಇರಬಹುದು. ಆದ್ರ ನನಗ ಈ ಆಟದ ತಳಾ ಬುಡಾನ ಗೊತ್ತಿಲ್ಲ. ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡಿತಾರ, ಸೀಟಿ ಊದ್ತಾರ, ಮತ್ತ ನಿಲ್ತಾರ. ಯಾರಾರ ಎರಡು ಮಾತಿನ್ಯಾಗ ಹೇಳ್ರಿ.

ಮೈಸೂರ್_ಮಲ್ಲಿಗೆ | ಶನಿವಾರ ಬೆಳಿಗ್ಗೆ 8:34

ನಾನು ಹೇಳ್ತೀನಿ, ಮಗ ಹೈಸ್ಕೂಲ್ ತಂಡದಲ್ಲಿ ನಾಲ್ಕು ವರ್ಷ ಆಡಿದ್ದಾನೆ, ಒಹಾಯೋ ಚಳಿಯಲ್ಲಿ ಕಂಬಳಿ ಹೊದ್ದು ಕೂತು ಕಲಿತ ವಿದ್ಯೆ ಇದು.

ಚೆಂಡು ನಿಮ್ಮ ಕೈಲಿದ್ದರೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದ್ರೆ ಮತ್ತೆ ನಾಲ್ಕು. ಹೋಗದಿದ್ರೆ ಚೆಂಡು ಎದುರಾಳಿಗೆ. ಹೀಗೇ ಗಜ ಗಜ ಗೆದ್ದುಕೊಂಡು ಕೊನೇ ಗೆರೆ ದಾಟಿದ್ರೆ ಟಚ್‌ಡೌನ್, ಆರು ಪಾಯಿಂಟ್. ಸೀಟಿಗೂ ಸೀಟಿಗೂ ನಡುವೆ ನಿಂತಿರ್ತಾರಲ್ಲ, ಆಗ ಮುಂದಿನ ನಡೆ ಏನು ಅಂತ ಯೋಚನೆ ನಡೀತಿರುತ್ತೆ. ಚದುರಂಗ, ಕಾಯಿಗಳೆಲ್ಲ ನೂರು ಕಿಲೋ ತೂಕ, ಅಷ್ಟೇ ವ್ಯತ್ಯಾಸ.

ಈ ಲೀಗಿನವರು ಬದಲಾಯಿಸಿದ ನಿಯಮಗಳ ಪೈಕಿ ಮೂರು ನನಗೆ ನೆನಪಿದೆ. ಟಚ್‌ಡೌನ್ ಆದ ಮೇಲೆ ಎನ್‌ಎಫ್‌ಎಲ್‌ನಲ್ಲಿ ಒಂದು ಪಾಯಿಂಟಿಗೆ ಸುಲಭದ ಕಿಕ್ ಇರುತ್ತೆ. ಆಗೆಲ್ಲ ಜನ ಅಡುಗೆಮನೆಗೆ ಹೋಗಿ ಬರೋ ಸಮಯ ಅದು. ಇವರು ಕಿಕ್ ತೆಗೆದುಹಾಕಿ, ಆ ಒಂದು ಪಾಯಿಂಟನ್ನೂ ಎರಡು ಗಜದಿಂದ ಓಡಿಯೋ ಎಸೆದೋ ಸಂಪಾದಿಸಿ ಅಂದ್ರು. ಅದು ಒಳ್ಳೇದಿತ್ತು. ಎರಡನೇದು, ಎದುರಾಳಿ ಒದ್ದ ಚೆಂಡನ್ನು ಹಿಡಿಯೋನು ಕೈ ಬೀಸಿ "ನನ್ನ ಮುಟ್ಟಬೇಡಿ" ಅನ್ನೋ ಹಾಗಿಲ್ಲ. ಅದಕ್ಕೆ ಪ್ರಚಾರ ಭಯಂಕರ ಕೊಟ್ರು, ಆದ್ರೆ ಚೆಂಡು ಕೈಗೆ ಸಿಗೋವರೆಗೂ ಅವನ ಸುತ್ತ ಐದು ಗಜ ಯಾರೂ ಬರಬಾರದು ಅಂತ ಗೆರೆ ಹಾಕಿದ್ದನ್ನ ಮೆಲ್ಲಗೆ ಹೇಳಿದ್ರು.

ಮೂರನೇದು ಟಾಸ್. ನಾಣ್ಯ ಚಿಮ್ಮೋ ಬದಲು ಚೆಂಡನ್ನು ಇಪ್ಪತ್ತು ಗಜ ದೂರ ಇಟ್ಟು, ಎರಡೂ ಕಡೆಯಿಂದ ಒಬ್ಬೊಬ್ಬನನ್ನು ಓಡಿಸೋದು. ಮೊದಲು ಕಿತ್ತುಕೊಂಡವನ ತಂಡಕ್ಕೆ ಆಯ್ಕೆ. ಮೊದಲನೇ ವಾರವೇ ಒರ್ಲ್ಯಾಂಡೋ ರೇಜ್ ತಂಡದ ಹಸನ್ ಶಂಸಿದ್-ದೀನ್ ಅನ್ನೋ ಹುಡುಗ ಆ ಕಿತ್ತಾಟದಲ್ಲಿ ಭುಜದ ಕೀಲು ತಪ್ಪಿಸಿಕೊಂಡು ಸೀಸನ್ ಪೂರ್ತಿ ಹೊರಗೆ ಕೂತ. ಪಂದ್ಯ ಇನ್ನೂ ಶುರುವೇ ಆಗಿಲ್ಲ! ಅವನ ತಾಯಿ ಟಿವಿ ಮುಂದೆ ಕೂತಿದ್ದಿರಬಹುದು ಅಂತ ನನಗೆ ಆಗಲೇ ಅನ್ನಿಸಿತ್ತು.

ಬೇ_ಏರಿಯಾ_ಭಟ್ರು | ಶನಿವಾರ ಬೆಳಿಗ್ಗೆ 9:20

ಹೌದು ಹೌದು, ಆ ಓಟ ನಾನು ಕಣ್ಣಾರೆ ನೋಡಿದ್ದು. ನಮ್ಮ ಪಂದ್ಯದಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಆದ್ರೆ ಟೆಕ್ಸಾಸಿನವ ತಲೆ ಮೇಲೆ ಕೈ ಇಟ್ಟು ಕೂತಿದ್ದ. ಅವನ ಮನೆಯಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮಲ್ಲಿ ಯಕ್ಷಗಾನ ಇದ್ದ ಹಾಗೆ. ಅದಕ್ಕೆ ತಾಳ ಉಂಟು, ಕ್ರಮ ಉಂಟು. ಯಾರೋ ಬಂದು ಪ್ರಸಂಗದ ಮಧ್ಯ ಪಟಾಕಿ ಹೊಡೆದ್ರೆ ಭಾಗವತರ ಮುಖ ಹೇಗಾಗ್ತದೆ? ಅದೇ ಮುಖ.

ಕ್ಯಾಮೆರಾ_ಕಣ್ಣು | ಶನಿವಾರ ಮಧ್ಯಾಹ್ನ 12:05

ಗುರೂ, ಎಲ್ಲರೂ ಬೈತಿದ್ದೀರ, ಒಬ್ಬನಾದ್ರೂ ಹೊಗಳ್ಬೇಕಲ್ಲ. ನಾನು ಬೆಂಗ್ಳೂರಲ್ಲಿ ಕ್ರೀಡಾ ಪ್ರಸಾರದ ಕೆಲಸ ಮಾಡ್ತೀನಿ, ನೇರ ಪ್ರಸಾರದ ಒಬಿ ವ್ಯಾನಲ್ಲೇ ಜೀವನ. ಇವತ್ತು ನೀವು ಕ್ರಿಕೆಟ್ ನೋಡುವಾಗ ತಂತಿ ಮೇಲೆ ಜೇಡದ ಥರ ಓಡಾಡೋ ಕ್ಯಾಮೆರಾ ಇದ್ಯಲ್ಲ, ಆ ಜಾತಿ ಕ್ಯಾಮೆರಾನ ಫುಟ್‌ಬಾಲಲ್ಲಿ ಪ್ರತಿ ಪಂದ್ಯಕ್ಕೂ ಧೈರ್ಯವಾಗಿ ಬಳಸಿದ್ದು ಇವ್ರು. ಸ್ಕೈಕ್ಯಾಮ್ ಹೊಸದೇನಲ್ಲ, 80ರ ದಶಕದಲ್ಲೇ ಗ್ಯಾರೆಟ್ ಬ್ರೌನ್ ಮಾಡಿದ್ದು. ಸ್ಟೆಡಿಕ್ಯಾಮ್ ಮಾಡಿದ್ನಲ್ಲ, ಅದೇ ಪುಣ್ಯಾತ್ಮ. ಆದ್ರೆ ಚೆಂಡು ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಬೆನ್ನ ಹಿಂದೆ ಮೇಲಿಂದ ನಿಂತು ಇಡೀ ಆಟಾನ ತೋರ್ಸೋದಿದ್ಯಲ್ಲ, ಅದನ್ನ ದಿನನಿತ್ಯದ ಅನ್ನ ಮಾಡಿದ್ದು ಎಕ್ಸ್‌ಎಫ್‌ಎಲ್. ಲೀಗ್ ಸತ್ತ ಮೇಲೆ ಎನ್‌ಎಫ್‌ಎಲ್ ಪ್ರಸಾರದವ್ರು ಮರ್ಯಾದೆಯಿಂದ ಅದನ್ನ ಎತ್ಕೊಂಡು ಹೋದ್ರು.

ಅದಲ್ದೆ ಹೆಲ್ಮೆಟ್ ಹಾಕ್ಕೊಂಡ ಕ್ಯಾಮೆರಾಮನ್ ಆಟದ ಅಂಗಳದೊಳಗೇ ಓಡ್ತಿದ್ದ, ಬಬ್ಬಾ ಕ್ಯಾಮ್ ಅಂತ ಹೆಸರು. ಆಟಗಾರರಿಗೆ, ಕೋಚ್‌ಗಳಿಗೆ ಮೈಕು. ಆಟಗಾರರು ಗುಂಪುಗೂಡಿ ಮುಂದಿನ ನಡೆ ಮಾತಾಡೋ ಹಡಲ್‌ನಲ್ಲಿ ಏನ್ ಮಾತಾಡ್ತಾರೆ ಅಂತ ಮನೇಲಿ ಕೇಳ್ಬಹುದಿತ್ತು.

ತಪ್ಪು ಎಲ್ಲಾಯ್ತು ಅಂದ್ರೆ, ಇಷ್ಟೆಲ್ಲಾ ಆಟಿಕೆ ಇಟ್ಕೊಂಡು ಜನ್ರೇಟರ್‌ಗೆ ಡೀಸೆಲ್ ಹಾಕೋದು ಮರ್ತಿದ್ರು.

ಹಾಸನದ_ಹೈದ | ಶನಿವಾರ ಮಧ್ಯಾಹ್ನ 12:11

ಏನ್ ಸಾರ್, ನಿಜವಾಗ್ಲೂನಾ?

ಕ್ಯಾಮೆರಾ_ಕಣ್ಣು | ಶನಿವಾರ ಮಧ್ಯಾಹ್ನ 12:26

ನಿಜವಾಗ್ಲೂ. ಎರಡನೇ ಶನಿವಾರ, ಲಾಸ್ ಏಂಜಲೀಸ್ ಕೊಲಿಸಿಯಂ, ಲಾಸ್ ಏಂಜಲೀಸ್ ವಿರುದ್ಧ ಶಿಕಾಗೋ ಎನ್‌ಫೋರ್ಸರ್ಸ್. ಪ್ರಸಾರದ ಜನ್ರೇಟರ್‌ಗೆ ಇಂಧನ ಹಾಕಿರ್ಲಿಲ್ಲ, ಪಂದ್ಯದ ಮಧ್ಯೆ ಪಟ್ ಅಂತ ಹೋಯ್ತು. ನಮ್ ಕೆಲ್ಸದಲ್ಲಿ ಇದು ಎಂಥ ದುಃಸ್ವಪ್ನ ಅಂತ ಹೊರಗಿನವ್ರಿಗೆ ಗೊತ್ತಾಗಲ್ಲ. ನಂಗೂ ಒಂದ್ಸಲ ಆಗಿದೆ, ಊರು ಹೆಸ್ರು ಬೇಡ. ವ್ಯಾನೊಳಗೆ ನಲ್ವತ್ತು ಮಾನಿಟರ್ ಒಟ್ಟಿಗೆ ಕಪ್ಪಾದಾಗ ಯಾರೂ ಕಿರಿಚಲ್ಲ. ಏಸಿ ಫ್ಯಾನು ತಿರುಗ್ತಾ ತಿರುಗ್ತಾ ನಿಲ್ಲೋ ಸದ್ದು ಕೇಳ್ಸುತ್ತೆ, ಆಮೇಲೆ ಡೈರೆಕ್ಟರು ಬಹಳ ಮೆತ್ತಗೆ ಡ್ರೈವರ್ ಹೆಸ್ರು ಕರೀತಾರೆ.

ಕರೆಂಟು ವಾಪಸ್ ಬಂತು, ಆದ್ರೆ ಗ್ರಹಚಾರ ಬಿಡ್ಲಿಲ್ಲ. ಪಂದ್ಯ ಟೈ, ಒಂದು ಓವರ್‌ಟೈಮ್ ಸಾಲ್ದು ಅಂತ ಎರಡು. ಕೊನೆಗೆ ಲಾಸ್ ಏಂಜಲೀಸ್ 39-32ಕ್ಕೆ ಗೆಲ್ತು. ಒಳ್ಳೇ ಪಂದ್ಯಾನೇ! ಆದ್ರೆ ಅದಾದ್ಮೇಲೆ ಎನ್‌ಬಿಸಿಲಿ ಬರ್ಬೇಕಿದ್ದ ಸ್ಯಾಟರ್ಡೇ ನೈಟ್ ಲೈವ್ ಮುಕ್ಕಾಲು ಗಂಟೆ ತಡ ಆಯ್ತು. ಆವತ್ತಿನ ಅತಿಥಿ ಜೆನಿಫರ್ ಲೋಪೆಜ್. ಆ ಕಾರ್ಯಕ್ರಮದ ಲಾರ್ನ್ ಮೈಕಲ್ಸ್ ಕೆಂಡ ಆದ. ಮುಂದಿನ ವಾರದಿಂದ ಲೀಗಿನವ್ರು ಆಟ ಬೇಗ ಮುಗೀಲಿ ಅಂತ ಗಡಿಯಾರದ ನಿಯಮ ಬದ್ಲಾಯ್ಸಿದ್ರು. ಯೋಚ್ನೆ ಮಾಡಿ, ಕಾಮಿಡಿ ಶೋಗೆ ತಡ ಆಗುತ್ತೆ ಅಂತ ಫುಟ್‌ಬಾಲ್ ನಿಯಮ ಬದ್ಲು.

ಅಂಕಿಗಾರ_ಅನಂತ | ಶನಿವಾರ ಮಧ್ಯಾಹ್ನ 1:02

ಬರೀ ಗಡಿಯಾರ ಅಲ್ಲ. ಅಂಕಗಳು ಏರುತ್ತಿಲ್ಲ ಅಂತ, ಚೆಂಡು ಹಿಡಿಯಲು ಓಡುವವನನ್ನು ಡಿಫೆಂಡರ್ ಎಲ್ಲಿಯವರೆಗೆ ತಳ್ಳಬಹುದು ಅನ್ನೋ ನಿಯಮವನ್ನೂ ಸೀಸನ್ ನಡುವೆಯೇ ಬಿಗಿ ಮಾಡಿದರು. ಮೊದಲು ಉದ್ದಕ್ಕೂ ತಳ್ಳಬಹುದಿತ್ತು, "ನಮ್ಮದು ಗಂಡಸರ ಆಟ" ಅನ್ನೋ ಧಾಟಿಯಲ್ಲಿ. ಅದರಿಂದ ಪಾಸ್ ಮಾಡೋದೇ ಕಷ್ಟವಾಗಿ ಆಟ ಬೋರು ಹೊಡೆಯಿತು. ಒರಟು ಮಾಡಲು ಹೋಗಿ ರಂಜನೆ ಕಳೆದುಕೊಂಡರು.

ಮೈಸೂರ್_ಮಲ್ಲಿಗೆ | ಶನಿವಾರ ಮಧ್ಯಾಹ್ನ 2:47

ಜಾಹೀರಾತುಗಳ ಬಗ್ಗೆ ಯಾರೂ ಮಾತಾಡಿಲ್ಲ. ಪಂದ್ಯಕ್ಕಿಂತ ಚಿಯರ್‌ಲೀಡರ್‌ಗಳನ್ನೇ ಜಾಸ್ತಿ ತೋರಿಸ್ತಿದ್ರು. ರೇಟಿಂಗ್ ಬಿದ್ದ ಮೇಲೆ, ಮುಂದಿನ ವಾರ ಹಾಫ್‌ಟೈಮಲ್ಲಿ ಅವರ ಬಟ್ಟೆ ಬದಲಾಯಿಸೋ ಕೋಣೆಗೆ ಕ್ಯಾಮೆರಾ ಹೋಗುತ್ತೆ ಅಂತ ಡಂಗುರ ಹೊಡೆದ್ರು. ಕೊನೆಗೆ ನೋಡಿದ್ರೆ ಮೊದಲೇ ಚಿತ್ರೀಕರಿಸಿದ ಒಂದು ಕೆಟ್ಟ ಹಾಸ್ಯದ ತುಣುಕು. ಮಕ್ಕಳ ಜೊತೆ ಕೂತು ನೋಡೋ ಮನೆಗಳು ಅದಕ್ಕೂ ಮೊದಲೇ ಟಿವಿ ಆರಿಸಿದ್ವು. ನೋಡಲೆಂದೇ ಕಾದಿದ್ದವರಿಗೂ ಮೋಸ. ಯಾರಿಗೋಸ್ಕರ ಮಾಡಿದ್ರೋ.

ಧಾರವಾಡ_ಫೇಡೆ | ಶನಿವಾರ ಮಧ್ಯಾಹ್ನ 3:10

ಅಕ್ಕಾರ, ನೀವು ಹೇಳಿದ್ದು ಕೇಳಿ ನಮ್ಮ ಕಡೆ ಜಾತ್ರಿ ನಾಟಕದ ಪೋಸ್ಟರ್ ನೆನಪಾತು. ಬೋರ್ಡಿನ ಮ್ಯಾಲೆ ಒಂದು, ಪರದೆ ಹಿಂದ ಒಂದು. ಆದ್ರ ನಾಟಕ ಚಲೋ ಇತ್ತಂದ್ರ ಜನ ಪೋಸ್ಟರ್ ಮರೀತಾರ. ಆಟಾನ ಚಲೋ ಇರಲಿಲ್ಲೇನು ಹಂಗಾರ?

ಬೇ_ಏರಿಯಾ_ಭಟ್ರು | ಶನಿವಾರ ಸಂಜೆ 6:18

ಫೇಡೆಯವರು ಸರಿಯಾದ ಜಾಗಕ್ಕೆ ಕೈ ಹಾಕಿದ್ರು.

ನೋಡಿ, ಆಟಗಾರರನ್ನು ಆರಿಸಿದ್ದು 2000ದ ಅಕ್ಟೋಬರ್ ಕೊನೆಗೆ. ಕ್ಯಾಂಪ್ ಶುರುವಾದದ್ದು ಜನವರಿಯಲ್ಲಿ. ಫೆಬ್ರವರಿ 3ಕ್ಕೆ ದೇಶ ಎಲ್ಲ ನೋಡುವ ಪಂದ್ಯ. ಒಟ್ಟು ಒಂದು ತಿಂಗಳು ಇಟ್ಟುಕೊಳ್ಳಿ. ಮಲ್ಲಿಗೆಯವರು ಹೇಳಿದ್ರಲ್ಲ ಚದುರಂಗ ಅಂತ, ಹನ್ನೊಂದು ಜನರೂ ಒಂದೇ ಕ್ಷಣಕ್ಕೆ ಒಂದೇ ಲೆಕ್ಕದಲ್ಲಿ ಹೆಜ್ಜೆ ಹಾಕಬೇಕು. ತಂಡದ ಮುಂದಿನ ಸಾಲಿನಲ್ಲಿ ನಿಲ್ಲುವ ಐದು ದಪ್ಪ ಜನ ಉಂಟಲ್ಲ, ಅವರು ಒಬ್ಬರ ಉಸಿರು ಒಬ್ಬರಿಗೆ ಗೊತ್ತಾಗುವಷ್ಟು ದಿನ ಒಟ್ಟಿಗೆ ಆಡಿರಬೇಕು. ಹಾಗೆ ಆಗಿರದಿದ್ರೆ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ನೆಲಕ್ಕೆ. ಪ್ಯಾಕ್ ಬೆಲ್ ಪಾರ್ಕಿನಲ್ಲಿ ನಾವು ನೋಡಿದ್ದು ಅದನ್ನೇ. ಸ್ಕೋರು ಹತ್ತಿರ ಇದ್ದದ್ದರಿಂದ ಕೊನೇ ಐದು ನಿಮಿಷ ರೋಮಾಂಚನ, ಅದಕ್ಕೂ ಮೊದಲಿನ ಎರಡೂವರೆ ಗಂಟೆ ಬೇಯದ ಅನ್ನ. ಅಕ್ಕಿ ಕೆಟ್ಟದ್ದಲ್ಲ, ಒಲೆಯಿಂದ ಬೇಗ ಇಳಿಸಿದ್ದು.

ಹೈದ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕುಸ್ತಿ ನೋಡುವವ ಬಂದ, ಕುರ್ಚಿಯಲ್ಲಿ ಹೊಡೆಯುವುದು ಕಾಣಲಿಲ್ಲ, ಹೋದ. ಫುಟ್‌ಬಾಲ್ ನೋಡುವವ ಬಂದ, ಹಿಂದಿನ ಭಾನುವಾರವಷ್ಟೇ ಸೂಪರ್ ಬೌಲ್ ನೋಡಿದ ಕಣ್ಣಿಗೆ ಇದು ಹಿಡಿಸಲಿಲ್ಲ, ಅವನೂ ಹೋದ. ಆರು ತಿಂಗಳು ಅಭ್ಯಾಸ ಕೊಟ್ಟು, ಬಾಯಿ ಮುಚ್ಚಿಕೊಂಡು ಆಡಿಸಿದ್ದಿದ್ರೆ ನಿಲ್ತಿತ್ತು.

ಅಂಕಿಗಾರ_ಅನಂತ | ಶನಿವಾರ ಸಂಜೆ 7:05

ಭಟ್ಟರೇ, ಇಲ್ಲಿ ನನ್ನದು ಭಿನ್ನ ಮತ. ಆಟ ಚೆನ್ನಾಗಿದ್ದೂ ಸತ್ತ ಲೀಗುಗಳಿವೆ. 1983ರ ಯುಎಸ್‌ಎಫ್‌ಎಲ್ ತೆಗೆದುಕೊಳ್ಳಿ. ಮೊದಲ ಸೀಸನ್ನಿನಲ್ಲಿ ಹನ್ನೆರಡು ತಂಡ, ವಸಂತಕಾಲದ ಆಟ, ಹರ್ಷಲ್ ವಾಕರ್‌ನಂಥ ಕಾಲೇಜು ತಾರೆಯನ್ನೇ ಎಳೆದುಕೊಂಡರು. ಫೈನಲ್‌ನಲ್ಲಿ ಮಿಶಿಗನ್ ಪ್ಯಾಂಥರ್ಸ್ 24-22ಕ್ಕೆ ಫಿಲಡೆಲ್ಫಿಯಾ ಸ್ಟಾರ್ಸ್ ತಂಡವನ್ನು ಸೋಲಿಸಿತು. ಆಟದ ಗುಣಮಟ್ಟಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಆದರೂ ಮೂರು ಸೀಸನ್ನಿಗೆ ಮುಗಿಯಿತು, ಯಾಕೆಂದರೆ ಬರುವುದಕ್ಕಿಂತ ಜಾಸ್ತಿ ಖರ್ಚು ಮಾಡಿದರು. ಎನ್‌ಎಫ್‌ಎಲ್ ಮೇಲೆ ಏಕಸ್ವಾಮ್ಯದ ಕೇಸು ಹಾಕಿ ಗೆದ್ದರು, ನ್ಯಾಯಾಲಯ ಕೊಡಿಸಿದ ಪರಿಹಾರ ಒಂದು ಡಾಲರ್. ಕಾನೂನಿನ ಪ್ರಕಾರ ಅದು ಮೂರು ಪಟ್ಟಾಗಿ ಮೂರು ಡಾಲರ್.

ಎಕ್ಸ್‌ಎಫ್‌ಎಲ್‌ನ ವಿಚಾರದಲ್ಲಿ ಖರ್ಚು ಹಿಡಿತದಲ್ಲೇ ಇತ್ತು. ಎಂಟೂ ತಂಡಗಳ ಒಡೆತನ ಲೀಗಿನದೇ. ಸಂಬಳವೂ ಒಂದೇ ಅಳತೆ: ಸೀಸನ್ನಿಗೆ ಕ್ವಾರ್ಟರ್‌ಬ್ಯಾಕ್‌ಗೆ 50,000 ಡಾಲರ್, ಕಿಕ್ಕರ್‌ಗೆ 35,000, ಉಳಿದವರಿಗೆ 45,000. ಗೆದ್ದರೆ ಪಂದ್ಯಕ್ಕೆ ತಲಾ 2,500 ಹೆಚ್ಚಿಗೆ. ಇಷ್ಟು ಕಡಿಮೆಗೆ ನಡೆಸುತ್ತಿದ್ದ ಲೀಗನ್ನು ಯಾವುದಾದರೂ ಕೇಬಲ್ ಚಾನೆಲ್‌ನಲ್ಲಿ ಸದ್ದಿಲ್ಲದೆ ಇಟ್ಟಿದ್ದರೆ 1.5 ಕೂಡ ಮರ್ಯಾದೆಯ ಅಂಕಿಯೇ. ಎನ್‌ಬಿಸಿ 1998ರಲ್ಲಿ ಎನ್‌ಎಫ್‌ಎಲ್ ಹಕ್ಕು ಕಳೆದುಕೊಂಡಿತ್ತು, ಆ ಖಾಲಿ ಜಾಗ ಒಂದೇ ರಾತ್ರಿಯಲ್ಲಿ ತುಂಬಬೇಕಿತ್ತು. ತೊಟ್ಟಿಲ ಕೂಸಿಗೆ ಪಂಚಕಜ್ಜಾಯ ತಿನ್ನಿಸಿದರು. ಕೊನೆಗೆ ನಷ್ಟ ಇಬ್ಬರಿಗೂ ತಲಾ ಸುಮಾರು 3.5 ಕೋಟಿ ಡಾಲರ್.

ಬೇ_ಏರಿಯಾ_ಭಟ್ರು | ಶನಿವಾರ ಸಂಜೆ 7:22

ಒಂದೇ ರಾತ್ರಿಯಲ್ಲಿ ತುಂಬಬೇಕಿತ್ತು ಅಂದ್ರೆ ಅವಸರ ಅಂತಲೇ ಆಯ್ತಲ್ಲ? ನಾನು ಹೇಳಿದ್ದೂ ಅದನ್ನೇ ಅಲ್ವಾ.

ಅಂಕಿಗಾರ_ಅನಂತ | ಶನಿವಾರ ಸಂಜೆ 7:30

ನೀವು ಅಡುಗೆಯವನನ್ನು ಬೈತಿದ್ದೀರಿ, ನಾನು ಊಟಕ್ಕೆ ಸಾವಿರ ಜನ ಕರೆದವನನ್ನು ಬೈತಿದ್ದೀನಿ. ಬೇರೆ ಬೇರೆ.

ನಿರ್ವಾಹಕ | ಶನಿವಾರ ರಾತ್ರಿ 8:00

ಇದೇ ಎಳೆಯಲ್ಲಿ ಐಪಿಎಲ್ ಜಗಳ ಶುರು ಮಾಡಿದ್ದ ನಾಲ್ಕು ಪ್ರತಿಕ್ರಿಯೆಗಳನ್ನು ಬೇರೆ ಕಡೆ ಸಾಗಿಸಲಾಗಿದೆ. ಆರ್‌ಸಿಬಿ ಬಗ್ಗೆ ಅಳಲು ಬೇರೆಯೇ ಎಳೆ ಇದೆ, ಅಲ್ಲಿಗೆ ದಯಮಾಡಿಸಿ.

ಹಾಸನದ_ಹೈದ | ಶನಿವಾರ ರಾತ್ರಿ 8:40

ಸರಿ, ಆ "ಹೀ ಹೇಟ್ ಮೀ" ಕಥೆ ಏನು? ಅದು ಯಾರೂ ಹೇಳ್ಲಿಲ್ಲ.

ಬೇ_ಏರಿಯಾ_ಭಟ್ರು | ಶನಿವಾರ ರಾತ್ರಿ 9:15

ಅದು ರಾಡ್ ಸ್ಮಾರ್ಟ್, ಲಾಸ್ ವೇಗಸ್‌ನ ರನ್ನಿಂಗ್ ಬ್ಯಾಕ್, ಅಂದ್ರೆ ಚೆಂಡು ಹಿಡಿದು ಓಡುವವ. ಈ ಲೀಗಿನಲ್ಲಿ ಬೆನ್ನ ಮೇಲೆ ಅಡ್ಡಹೆಸರು ಹಾಕಿಕೊಳ್ಳಲಿಕ್ಕೆ ಬಿಟ್ಟಿದ್ರು. ಅವನ ತರ್ಕ ಎಂತ ಅಂದ್ರೆ, ನನ್ನ ಎದುರು ನಿಲ್ಲುವವ ನನ್ನನ್ನು ದ್ವೇಷಿಸ್ತಾನೆ, ಅದನ್ನೇ ಬರೆದುಬಿಡುವ ಅಂತ. ಮೊದಲನೇ ರಾತ್ರಿಯೇ ಟಿವಿಯಲ್ಲಿ ಕಂಡು ಊರೆಲ್ಲ ಪ್ರಸಿದ್ಧ. ಇನ್ನೊಂದು ಪಂದ್ಯದಲ್ಲಿ ಎದುರು ತಂಡದ ಇಬ್ಬರು "ನಾನು ಅವನನ್ನ ದ್ವೇಷಿಸ್ತೇನೆ", "ನಾನೂ ದ್ವೇಷಿಸ್ತೇನೆ" ಅನ್ನುವ ಅರ್ಥದ ಹೆಸರು ಹಾಕಿಕೊಂಡು ಬಂದ್ರು, ಅದೇ ಮುರುಕು ಇಂಗ್ಲಿಷಿನಲ್ಲಿ! ಇಡೀ ಲೀಗಿನಲ್ಲಿ ಬರೆದು ಕೊಡದೆ ತಾನಾಗಿ ಹುಟ್ಟಿದ ತಮಾಷೆ ಅದೊಂದೇ, ಅದಕ್ಕೇ ಇವತ್ತಿಗೂ ಉಳಿದದ್ದು.

ಅವ ಮುಂದೆ ಎನ್‌ಎಫ್‌ಎಲ್ ಸೇರಿ, ಕ್ಯಾರೊಲೈನಾ ಪ್ಯಾಂಥರ್ಸ್ ಪರವಾಗಿ 2004ರ ಫೆಬ್ರವರಿಯ ಸೂಪರ್ ಬೌಲ್‌ವರೆಗೂ ಹೋದ. ಅವನ ತಂಡದ ಕ್ವಾರ್ಟರ್‌ಬ್ಯಾಕ್ ಜೇಕ್ ಡೆಲೋಮ್ ತನ್ನ ರೇಸ್ ಕುದುರೆಗೆ "ಶೀ ಹೇಟ್ ಮೀ" ಅಂತ ಹೆಸರಿಟ್ಟಿದ್ದ.

ಹಾಸನದ_ಹೈದ | ಶನಿವಾರ ರಾತ್ರಿ 9:21

ಕುದುರೆಗಾ! ಸತ್ತೆ ನಕ್ಕು ನಕ್ಕು.

ಮೈಸೂರ್_ಮಲ್ಲಿಗೆ | ಶನಿವಾರ ರಾತ್ರಿ 9:58

ನನಗೆ ಹೆಚ್ಚು ಇಷ್ಟವಾದದ್ದು ಟಾಮಿ ಮ್ಯಾಡಕ್ಸ್ ಕಥೆ. 1992ರಲ್ಲಿ ಡೆನ್ವರ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಹುಡುಗ, ಅಲ್ಲಿ ಇಲ್ಲಿ ಅಲೆದು, ಯಾರಿಗೂ ಬೇಡವಾಗಿ, ವಿಮೆ ಏಜೆಂಟ್ ಆಗಿದ್ದ. ನಮ್ಮ ಎಲ್ಐಸಿ ಮಾವ ಬ್ಯಾಗ್ ಹಿಡ್ಕೊಂಡು ಮನೆಮನೆಗೆ ಬರ್ತಿದ್ರಲ್ಲ, ಅಂಥ ಕೆಲಸ. ಲಾಸ್ ಏಂಜಲೀಸ್ ತಂಡಕ್ಕೆ ಬಂದು ಲೀಗಿನ ಅತ್ಯುತ್ತಮ ಆಟಗಾರ ಆದ. ಏಪ್ರಿಲ್ 21ರ ಫೈನಲ್‌ನಲ್ಲಿ ಭಟ್ಟರ ಡೀಮನ್ಸ್ ತಂಡವನ್ನ 38-6ಕ್ಕೆ ಚಚ್ಚಿ ಹಾಕಿದ್ರು, ಕ್ಷಮಿಸಿ ಭಟ್ರೇ. ಗೆದ್ದ ತಂಡಕ್ಕೆ ಹಂಚಿಕೊಳ್ಳೋಕೆ ಹತ್ತು ಲಕ್ಷ ಡಾಲರ್. ಮಾರನೇ ವರ್ಷ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನಲ್ಲಿ ಅವನೇ ಮುಖ್ಯ ಕ್ವಾರ್ಟರ್‌ಬ್ಯಾಕ್, ಎನ್‌ಎಫ್‌ಎಲ್‌ನ ಕಮ್‌ಬ್ಯಾಕ್ ಪ್ರಶಸ್ತಿ ಬೇರೆ.

ಆದ್ರೆ ಇದೇ ಲೀಗಿನ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜೆಫ್ ಬ್ರಾಮ್, ಒರ್ಲ್ಯಾಂಡೋದವನು. ತಲೆಗೆ ಬಲವಾದ ಪೆಟ್ಟು ತಿಂದು ಮುಂದಿನ ವಾರವೇ ಆಡೋಕೆ ಬಂದ. ಯಾಕಪ್ಪಾ ಅಂತ ಕೇಳಿದ್ರೆ, ಇದು ಎಕ್ಸ್‌ಎಫ್‌ಎಲ್ ಹೌದೋ ಅಲ್ವೋ, ನನ್ನ ನಾಡಿ ಬಡೀತಿದೆಯೋ ಇಲ್ವೋ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟ. ಆಗ ಎಲ್ಲರೂ ಚಪ್ಪಾಳೆ ಹೊಡೆದ್ರು. ಈಗ ಅವನು ಕಾಲೇಜು ತಂಡದ ಕೋಚ್. ನನ್ನ ಮಗ ಒಮ್ಮೆ ತಲೆಗೆ ಪೆಟ್ಟು ತಿಂದಾಗ ಎರಡು ವಾರ ಕತ್ತಲೆ ಕೋಣೇಲಿ ಮಲಗಿಸಿದ್ವಿ, ಫೋನ್ ಕೂಡ ಕೊಡಲಿಲ್ಲ. ಆ ಕ್ಲಿಪ್ ನೋಡಿದ್ರೆ ನನಗೆ ಚಪ್ಪಾಳೆ ಬರಲ್ಲ.

ಕ್ಯಾಮೆರಾ_ಕಣ್ಣು | ಶನಿವಾರ ರಾತ್ರಿ 10:30

ಮಲ್ಲಿಗೆ ಮೇಡಂ ಹೇಳಿದ್ದು ಸರಿ. ಕಾಮೆಂಟರಿ ಬಾಕ್ಸಲ್ಲಿ ಕೂತು ಇದನ್ನೆಲ್ಲಾ ಹುರಿದುಂಬಿಸ್ತಿದ್ದವ್ರು ಯಾರ್ ಗೊತ್ತಾ? ಜೆಸ್ಸಿ ವೆಂಚುರಾ. ಮಾಜಿ ಕುಸ್ತಿಪಟು, ಆಗ ಮಿನ್ನೆಸೋಟಾ ರಾಜ್ಯದ ಹಾಲಿ ಗವರ್ನರ್! ವಾರವೆಲ್ಲ ಫೈಲು, ಶನಿವಾರ ಕಾಮೆಂಟರಿ. ನ್ಯೂಯಾರ್ಕ್ ತಂಡದ ಕೋಚ್ ರಸ್ಟಿ ಟಿಲ್‌ಮನ್ ಜೊತೆ ಟಿವಿಲೇ ಜಗಳ ತೆಗೆಯೋಕೆ ನೋಡ್ದ, ಆ ಕೋಚ್ ಮಾತ್ರ ಸೊಪ್ಪು ಹಾಕ್ಲಿಲ್ಲ. ಕುಸ್ತಿ ಆಗಿದ್ರೆ ಅದೇ ಮುಂದಿನ ತಿಂಗಳ ಕಥೆ. ಫುಟ್‌ಬಾಲ್ ಕೋಚ್‌ಗೆ ಸೋಮವಾರ ಪ್ರಾಕ್ಟೀಸ್ ಇತ್ತು.

ಬೆಂಗ್ಳೂರ್_ರಗ್ಬಿ | ಭಾನುವಾರ ಬೆಳಿಗ್ಗೆ 8:12

ತಡವಾಗಿ ಬಂದೆ. ಇದನ್ನ ಓದ್ತಾ ನಮ್ಮ ಕಡೆಯದ್ದೂ ಒಂದು ನೆನಪಾಯ್ತು. ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ 2011ರಲ್ಲಿ ಘೋಷಣೆ ಮಾಡಿ 2012ರಲ್ಲಿ ಮೊದಲ ಸೀಸನ್ ಆಡಿಸಿದ್ರಲ್ಲ. ಕರ್ಟ್ ವಾರ್ನರ್ ಥರದ ಎನ್‌ಎಫ್‌ಎಲ್ ದಿಗ್ಗಜರು ದುಡ್ಡು ಹಾಕಿದ್ರು. ನಮ್ಮ ಊರಿನ ಹೆಸರಲ್ಲೂ ತಂಡ ಇತ್ತು, ಬ್ಯಾಂಗಲೋರ್ ವಾರ್‌ಹಾಕ್ಸ್. ಆಡಿದ ಹುಡುಗರು ರಗ್ಬಿ, ಅಥ್ಲೆಟಿಕ್ಸ್ ಕಡೆಯಿಂದ ಬಂದವರು, ಹೆಲ್ಮೆಟ್ ಮುಟ್ಟಿದ್ದೇ ಮೊದಲ ಸಲ. ಪಂದ್ಯ ಆಡಿಸಿದ್ದು ಕೊಲಂಬೊದಲ್ಲಿ. ಬೆಂಗಳೂರಿನ ತಂಡ, ಬೆಂಗಳೂರಲ್ಲಿ ಯಾರೂ ನೋಡಲಿಲ್ಲ! ಭಟ್ಟರಿಗೆ ಕುತ್ತಿಗೆ ನೋಯಿಸಿಕೊಳ್ಳೋಕಾದ್ರೂ ಒಂದು ಕುರ್ಚಿ ಸಿಕ್ಕಿತ್ತು, ನಮಗೆ ಅದೂ ಇಲ್ಲ.

ಅಂಕಿಗಾರ_ಅನಂತ | ಭಾನುವಾರ ಬೆಳಿಗ್ಗೆ 9:05

ಬಾಗಿಲು ಹಾಕಿದ ದಿನಾಂಕ ಯಾರೋ ಖಾಸಗಿಯಾಗಿ ಕೇಳಿದರು: ಮೇ 10, 2001. ಎನ್‌ಬಿಸಿ ಮೊದಲೇ ಕೈ ಎತ್ತಿತ್ತು. ಭಾನುವಾರದ ಪಂದ್ಯ ತೋರಿಸುತ್ತಿದ್ದ ಯುಪಿಎನ್ ಚಾನೆಲ್ ಒಂದನ್ನು ನಂಬಿ ಎರಡನೇ ಸೀಸನ್ ಮಾಡಬಹುದಿತ್ತು. ಅವರು ಹಾಕಿದ ಷರತ್ತು, ಗುರುವಾರದ ಸ್ಮ್ಯಾಕ್‌ಡೌನ್ ಕುಸ್ತಿಯನ್ನು ಎರಡು ಗಂಟೆಯಿಂದ ಒಂದೂವರೆಗೆ ಇಳಿಸಿ ಅಂತ. ಮೆಕ್‌ಮಹಾನ್ ಒಪ್ಪಲಿಲ್ಲ. ಕುಸ್ತಿಯ ಅರ್ಧ ಗಂಟೆಯೋ, ಇಡೀ ಫುಟ್‌ಬಾಲ್ ಲೀಗೋ ಅಂತ ಬಂದಾಗ ಆತ ಯಾವುದನ್ನು ಇಟ್ಟುಕೊಂಡ ಅನ್ನೋದರಲ್ಲಿ ಭಟ್ಟರಿಗೂ ನನಗೂ ಭಿನ್ನಮತ ಇರಲಾರದು.

ಹಾಗೆಂದು ಆತನ ಚಟ ಬಿಡಲಿಲ್ಲ. 2020ರ ಫೆಬ್ರವರಿ 8ಕ್ಕೆ ಅದೇ ಹೆಸರಿನಲ್ಲಿ ಮತ್ತೆ ಶುರು ಮಾಡಿದ, ಈ ಸಲ ಚಿಯರ್‌ಲೀಡರ್ ಗಲಾಟೆ ಇಲ್ಲ, ತಯಾರಿಗೆ ಎರಡು ವರ್ಷ. ಐದು ವಾರ ಚೆನ್ನಾಗಿಯೇ ನಡೆಯಿತು. ಆರನೇ ವಾರಕ್ಕೆ ಕೊರೊನಾ.

ಬೇ_ಏರಿಯಾ_ಭಟ್ರು | ಭಾನುವಾರ ಬೆಳಿಗ್ಗೆ 9:30

ಅಯ್ಯೋ ದೇವರೇ, ಆ ಬ್ಲಿಂಪಿನ ದೋಷ ಇನ್ನೂ ತೀರಿರಲಿಲ್ಲ ಕಾಣ್ತದೆ.

ಹಾಸನದ_ಹೈದ | ಭಾನುವಾರ ಬೆಳಿಗ್ಗೆ 9:44

ಆಮೇಲೆ ಅದನ್ನ ಕೊಂಡಿದ್ದು ನಮ್ಮ ರಾಕ್ ಅಂತೆ, ಡ್ವೇನ್ ಜಾನ್ಸನ್, ಪಾಲುದಾರರ ಜೊತೆ 1.5 ಕೋಟಿ ಡಾಲರ್‌ಗೆ. ರಾಕ್ ಕಾರ್ಡನ್ನ ನಾನು ನಾಲ್ಕನೇ ಕ್ಲಾಸಲ್ಲಿ ಕಳ್ಕೊಂಡಿದ್ದೆ, ಆ ನೋವು ಇವತ್ತು ಡಬಲ್ ಆಯ್ತು.

ಧಾರವಾಡ_ಫೇಡೆ | ಭಾನುವಾರ ರಾತ್ರಿ 11:50

ನಿಮ್ಮೆಲ್ಲಾರ ಮಾತು ಕೇಳಿ ಇವತ್ತ ಯೂಟ್ಯೂಬ್‌ನ್ಯಾಗ ಹುಡುಕಿ ಆ ಮೊದಲನೇ ಪಂದ್ಯ ಹಚ್ಚಿದೆ ನೋಡ್ರಿ, ವೇಗಸ್‌ದು. ಮನಿಯಾಗ ಎಲ್ಲಾರ್ನೂ ಕುಂಡರಿಸಿದೆ. ಮೆಕ್‌ಮಹಾನ್ ನಡು ಮೈದಾನದಾಗ ನಿಂತು ಒದರಿದ್ದು ಚಲೋ ಇತ್ತು. ಚೆಂಡಿಗೆ ಓಡಿದ್ದು ನಮ್ಮ ತಮ್ಮನ ಮಗ ಎರಡು ಸಲ ಹಿಂದ ಹಾಕಿಸಿ ನೋಡ್ದ. ಆ "ಹೀ ಹೇಟ್ ಮೀ" ಕಂಡಾಗ ಎಲ್ಲಾರೂ ಕೂಗಿದ್ವಿ. ಆಮ್ಯಾಲೆ ಸೀಟಿ, ನಿಲ್ಲೂದು, ಸೀಟಿ, ನಿಲ್ಲೂದು. ನ್ಯೂಯಾರ್ಕ್‌ನವ್ರು ಒಂದು ಪಾಯಿಂಟ್ ಸೈತ ತಗೀವಲ್ರು. ಮೊದಲ ನಮ್ಮಾಕಿ ಎದ್ದು ಅಡಗಿಮನಿಗೆ ಹೋದ್ಲು, ಆಮ್ಯಾಲೆ ಹುಡುಗ ಮೊಬೈಲ್ ಹಿಡಿದ. ನಾನು ಒಬ್ಬನ ಉಳದೆ. ಹಾಫ್‌ಟೈಮ್ ಆದಮ್ಯಾಲೆ ಏನಾತು ನನಗೂ ನೆನಪಿಲ್ಲ, ನಿದ್ದಿ ಹತ್ತಿತ್ತು.

ಅಂಕಿಗಾರ_ಅನಂತ | ಸೋಮವಾರ ಬೆಳಿಗ್ಗೆ 6:55

ಮೂವರು ಕೂತಿದ್ರಿ, ಕೊನೆಗೆ ಒಬ್ಬರು, ಅದೂ ನಿದ್ದೆಯಲ್ಲಿ. ಎನ್‌ಬಿಸಿಗೆ ಮೂರು ತಿಂಗಳು ಹಿಡಿದದ್ದನ್ನ ನಿಮ್ಮನೆ ಒಂದೇ ರಾತ್ರಿಯಲ್ಲಿ ಮುಗಿಸಿದೆ ಫೇಡೆಯವರೇ.

ಧಾರವಾಡ_ಫೇಡೆ | ಸೋಮವಾರ ಬೆಳಿಗ್ಗೆ 7:20

ಹಂಗಾರ ಎರಡನೇ ವಾರದ್ದು ಹಚ್ಚಲೇನ್ರಿ? ಆ ಡೀಸೆಲ್ ಖಾಲಿ ಆದದ್ದು? ಅದು ನೋಡಬೇಕು ಅಂತ ಹುಡುಗ ಗಂಟು ಬಿದ್ದಾನ.